ಕೋರಲ್ ಡ್ರಾ ಬಂದರೆ ಡಿಸೈನ್ ಬಂದ ಹಾಗಾ?

ಪಿಯು ಪರೀಕ್ಷೆ ಮುಗಿಯಿತು ಅಂದರೆ ಸಾಕು, ಈ ಅಂಕಣಕ್ಕೆ ಮುಂದೇನು ಓದಲಿ ಅಂತ ಪತ್ರಗಳು ಶುರು. ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಗ್ರಾಫಿಕ್ ಡಿಸೈನ್, ಕಮ್ಯುನಿಕೇಷನ್ ಡಿಸೈನ್ ಓದುವ ಬಗ್ಗೆಯೇ ಜಾಸ್ತಿ ಬಂದಿವೆ. ನಾನು ತುಮಕೂರಿನ ಒಂದು ಪ್ರೆಸ್‌ನಲ್ಲಿ ಡಿಟಿಪಿ ಮಾಡುತ್ತಾ ಶುರು ಮಾಡಿದವಳು. ಆಮೇಲೆ ಅಪ್ಲೈಡ್ ಆರ್ಟ್ ಓದಿದೆ, ಈಗ ಅದನ್ನೇ ಪಾಠ ಮಾಡುತ್ತೇನೆ. ಹಾಗಾಗಿ ಈ ಪತ್ರಗಳನ್ನು ಸಂಪಾದಕರು ನೇರ ನನಗೇ ಕಳಿಸಿದ್ದಾರೆ.

ಪ್ರಶ್ನೆ: ಅಕ್ಕಾ, ನಾನು ಗುಬ್ಬಿಯವಳು. ದ್ವಿತೀಯ ಪಿಯು ಕಾಮರ್ಸ್ ಮುಗಿಸಿದ್ದೇನೆ. ಎರಡು ಬೇಸಿಗೆ ರಜೆ ತುಮಕೂರಿನಲ್ಲಿ ಮಾವನ ಫ್ಲೆಕ್ಸ್ ಅಂಗಡಿಯಲ್ಲಿ ಕೂತು ಕೋರಲ್ ಡ್ರಾ, ಫೋಟೋಶಾಪ್ ಕಲಿತೆ. ಹುಟ್ಟುಹಬ್ಬದ ಬ್ಯಾನರ್ ಈಗ 20 ನಿಮಿಷದಲ್ಲಿ ಮಾಡುತ್ತೇನೆ. ಡಿಸೈನ್ ಕಾಲೇಜಿಗೆ ಸೇರುತ್ತೇನೆ ಅಂದರೆ ಮನೆಯಲ್ಲಿ "ಬರೋದನ್ನೇ ಕಲಿಯೋಕೆ ನಾಲ್ಕು ವರ್ಷ ಯಾಕೆ, ಬಿ.ಕಾಂ. ಮಾಡು" ಅಂತಾರೆ. ಅವರ ಮಾತು ಸರಿ ಅನ್ನಿಸುತ್ತದೆ. ಆದರೂ ಮನಸ್ಸು ಒಪ್ಪುತ್ತಿಲ್ಲ.
— ದ್ವಿತೀಯ ಪಿಯು ವಿದ್ಯಾರ್ಥಿನಿ, ಗುಬ್ಬಿ

ಉತ್ತರ: ತಂಗಿ, ಮೊದಲಿಗೆ ಒಂದು ಮಾತು. ಆ ಅಂಗಡಿಯಲ್ಲಿ ಕಳೆದ ಎರಡು ಬೇಸಿಗೆ ಖಂಡಿತ ವ್ಯರ್ಥವಲ್ಲ. ಗಿರಾಕಿ ಪಕ್ಕದಲ್ಲೇ ನಿಂತು "ಫೋಟೋ ಇನ್ನೂ ದೊಡ್ಡದು ಮಾಡಿ, ಹಿಂದೆ ಹೂವು ಹಾಕಿ, ಬೇಗ ಬೇಗ" ಅನ್ನುವಾಗ ತಲೆ ಕೆಡಿಸಿಕೊಳ್ಳದೆ ಕೆಲಸ ಮುಗಿಸುವುದು ಯಾವ ಕ್ಲಾಸಿನಲ್ಲೂ ಹೇಳಿಕೊಡದ ವಿದ್ಯೆ. ನನ್ನ ಹತ್ತಿರ ಬರುವ ಎಷ್ಟೋ ಮಕ್ಕಳಿಗೆ ಅದು ಕೊನೆಯ ವರ್ಷಕ್ಕೂ ಬಂದಿರುವುದಿಲ್ಲ.

ಆದರೆ ನಿನ್ನ ಮನಸ್ಸು ಒಪ್ಪುತ್ತಿಲ್ಲ ಅಂದೆಯಲ್ಲ, ಅದು ಸರಿಯಾಗೇ ಹೇಳುತ್ತಿದೆ. ನಿನಗೆ ಬಂದಿರುವುದು ಸಾಫ್ಟ್‌ವೇರ್. ಡಿಸೈನ್ ಬೇರೆ. ಮಾತಿನಲ್ಲಿ ಹೇಳಿದರೆ ಇದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಗುತ್ತದೆ, ಆದ್ದರಿಂದ ಒಂದು ಕೆಲಸ ಮಾಡಿ ನೋಡು.

ಒಂದು ಹಾಳೆಯಲ್ಲಿ ಪೆನ್ಸಿಲ್‌ನಿಂದ "ಮ" ಮತ್ತು "ವ" ಎರಡನ್ನೂ ಅಂಗೈ ಅಗಲಕ್ಕೆ ಬರೆ. ದಪ್ಪ ಗೆರೆಯಲ್ಲಿ, ಬೋರ್ಡಿಗೆ ಬರೆಯುವ ಹಾಗೆ. ಗೋಡೆಗೆ ಅಂಟಿಸಿ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೋಗು. ಎಲ್ಲಿ ನಿಂತಾಗ ಎರಡೂ ಒಂದೇ ಥರ ಕಾಣುತ್ತವೆ ನೋಡು. ಆಮೇಲೆ "ದ", "ಧ" ಜೋಡಿ. "ಧ"ದ ಕೆಳಗಿನ ಸೀಳು ಎಷ್ಟು ಅಗಲ ಇದ್ದರೆ ದೂರಕ್ಕೆ ಕಾಣುತ್ತದೆ? ಅದೇ ಅಕ್ಷರವನ್ನು ಮದುವೆ ಕಾರ್ಡಿನ ಮೂಲೆಯಲ್ಲಿ ಸಣ್ಣದಾಗಿ ಅಚ್ಚು ಹಾಕಿದಾಗ ಶಾಯಿ ಸೀಳಿಗೆ ತುಂಬಿಕೊಂಡು "ಧನಂಜಯ" ಹೋಗಿ "ದನಂಜಯ" ಆಗದ ಹಾಗೆ ಏನು ಮಾಡಬೇಕು? ಇದಕ್ಕೆ ಕೋರಲ್ ಡ್ರಾದಲ್ಲಿ ಯಾವ ಬಟನ್ನೂ ಇಲ್ಲ. ಉತ್ತರ ನಿನ್ನ ಕಣ್ಣಿನಲ್ಲೇ ಬರಬೇಕು. ಕಾಲೇಜಿನಲ್ಲಿ ಪಳಗುವುದು ಆ ಕಣ್ಣು.

ಒಳ್ಳೆಯ ಕಾಲೇಜುಗಳಲ್ಲಿ ಮೊದಲ ವರ್ಷ ಕಂಪ್ಯೂಟರ್ ಕೆಲಸ ಕಡಿಮೆ. ಫೌಂಡೇಶನ್ ಅಂತ ಕರೆಯುತ್ತಾರೆ. ಡ್ರಾಯಿಂಗ್, ಬಣ್ಣ, ಕೈಯಿಂದ ಅಕ್ಷರ ಬರೆಯುವುದು, ಕಾಗದ, ಮಣ್ಣು, ತಂತಿ. ಒಂದು ಚಿಹ್ನೆಗೆ 40 ಸ್ಕೆಚ್ ತಾ ಅಂತಾರೆ. ಮೊದಲ ಹತ್ತು ಸುಲಭವಾಗಿ ಬರುತ್ತವೆ, ಯಾಕೆಂದರೆ ಅವೆಲ್ಲ ನೀನು ಎಲ್ಲೋ ನೋಡಿದ್ದವೇ. ಇಪ್ಪತ್ತು ದಾಟಿದ ಮೇಲೆ ಅಳು ಬರುತ್ತದೆ. ನಿನ್ನದು ಅನ್ನುವಂಥದ್ದು ಒಂದೆರಡು ಹುಟ್ಟಿದರೆ ಅದಾದ ಮೇಲೇ. ವರ್ಷಕ್ಕೆ ಒಂದೆರಡು ಸಲ ಜ್ಯೂರಿ ಇರುತ್ತದೆ. ಮಾಡಿದ್ದನ್ನೆಲ್ಲ ಗೋಡೆಗೆ ಹಾಕಿ ನಾಲ್ಕು ಜನರ ಮುಂದೆ ನಿಂತು ಈ ಬಣ್ಣ ಯಾಕೆ, ಈ ಅಕ್ಷರ ಯಾಕೆ, ಇದನ್ನು ಓದುವವರು ಯಾರು ಅಂತ ಹೇಳಬೇಕು. "ಸುಮ್ನೆ ಚೆನ್ನಾಗಿ ಕಾಣ್ತು ಸರ್" ಅಂದರೆ ನಡೆಯುವುದಿಲ್ಲ.

ನನ್ನ ಒಬ್ಬಳು ವಿದ್ಯಾರ್ಥಿನಿಯ ಕೆಲಸ ಹೇಳಲೇಬೇಕು, ಮಧುಗಿರಿ ಕಡೆಯ ಹುಡುಗಿ. ಒಂದು ಆಸ್ಪತ್ರೆಯ ದಾರಿ ತೋರಿಸುವ ಬೋರ್ಡುಗಳನ್ನು ಮತ್ತೆ ಡಿಸೈನ್ ಮಾಡುವುದು ಅವಳ ಪ್ರಾಜೆಕ್ಟ್. ಎರಡು ದಿನ ಪೂರ್ತಿ ಅಲ್ಲಿನ ಬೆಂಚಿನ ಮೇಲೆ ಕೂತು, ಜನ ಎಲ್ಲಿ ನಿಲ್ಲುತ್ತಾರೆ, ಯಾರನ್ನು ಏನು ಕೇಳುತ್ತಾರೆ ಅಂತ ಬರೆದುಕೊಂಡಳು. ರಕ್ತ ಪರೀಕ್ಷೆ ಎಲ್ಲಿ ಅಂತ ಔಷಧಿ ಕೌಂಟರಿನಲ್ಲಿ ಕೇಳುವವರೇ ಜಾಸ್ತಿ. ಬೋರ್ಡ್ ಇರಲಿಲ್ಲವಾ? ಇತ್ತು. ಅಕ್ಷರ ದೊಡ್ಡದಾಗಿತ್ತು, ಕನ್ನಡದಲ್ಲೇ ಇತ್ತು. ಆದರೆ ಅದನ್ನು ಕಾರಿಡಾರಿನ ಗೋಡೆಗೆ ಅಂಟಿಸಿ ಹೊಡೆದಿದ್ದರು. ನಡೆದು ಬರುವವರಿಗೆ ಅದರ ಅಂಚು ಮಾತ್ರ ಕಾಣುತ್ತದೆ, ಓದಬೇಕು ಅಂದರೆ ಅದೇ ಬಾಗಿಲ ಎದುರು ಬಂದು ನಿಲ್ಲಬೇಕು. ಬಾಗಿಲು ಸಿಕ್ಕ ಮೇಲೆ ಬೋರ್ಡ್ ಯಾಕೆ ಬೇಕು ಹೇಳು? ಅವಳು ಹೊಸ ಬಣ್ಣ, ಹೊಸ ಅಕ್ಷರ ಯಾವುದಕ್ಕೂ ಕೈ ಹಾಕಲಿಲ್ಲ. ಬೋರ್ಡನ್ನು ಗೋಡೆಯಿಂದ ಅಡ್ಡಕ್ಕೆ ಚಾಚಿ, ನಡೆದು ಬರುವವರಿಗೆ ಎದುರಾಗಿ, ಎರಡೂ ಕಡೆ ಬರೆದು ನೇತುಹಾಕಿ ಅಂತ ಮೊದಲು ಹೇಳಿದಳು. ಆ ಜ್ಯೂರಿಯಲ್ಲಿ ನಾನೂ ಕೂತಿದ್ದೆ. ಇಷ್ಟು ವರ್ಷದ ಪಾಠ ಸಾರ್ಥಕ ಅನ್ನಿಸಿದ ದಿನ ಅದು.

ಮನೆಯವರಿಗೆ ಇದನ್ನು ಓದಿ ಹೇಳು. ಫ್ಲೆಕ್ಸ್ ಅಂಗಡಿಗೆ ಬರುವ ಗಿರಾಕಿ ಬೋರ್ಡ್ ಬೇಕು ಅಂತಾನೆ, ನೀನು ಬೋರ್ಡ್ ಮಾಡಿ ಕೊಡುತ್ತೀಯ. ಬೋರ್ಡ್ ಎಲ್ಲಿರಬೇಕು, ಏನು ಹೇಳಬೇಕು, ಬೋರ್ಡೇ ಬೇಕಾ ಅಂತ ಕೇಳುವ ಧೈರ್ಯ ಬರಲು ಓದು ಬೇಕು. ಕಾಮರ್ಸ್ ಓದಿರುವುದು ಅಡ್ಡಿಯಲ್ಲ. ಡಿಸೈನ್ ಪದವಿಯ ದೊಡ್ಡ ಪ್ರವೇಶ ಪರೀಕ್ಷೆಗಳಿಗೆ ಸೈನ್ಸ್, ಕಾಮರ್ಸ್, ಆರ್ಟ್ಸ್ ಮೂವರೂ ಕೂರಬಹುದು. ರಜೆಯಲ್ಲಿ ಮಾವನ ಅಂಗಡಿ ಮಾತ್ರ ಬಿಡಬೇಡ.

ಪ್ರಶ್ನೆ: ಮೇಡಂ, ನಾನು ಕೋಲಾರದ ಹತ್ತಿರದ ಹಳ್ಳಿಯವನು. ಬಿವಿಎ (ದೃಶ್ಯಕಲೆಯ ಪದವಿ) ಸೇರಬೇಕು ಅಂತಿದ್ದೇನೆ. ಪೇಂಟಿಂಗ್, ಶಿಲ್ಪ, ಗ್ರಾಫಿಕ್ಸ್, ಅಪ್ಲೈಡ್ ಆರ್ಟ್ ಅಂತ ವಿಭಾಗಗಳಿವೆ. ಲೋಗೋ, ಪೋಸ್ಟರ್, ಪ್ಯಾಕೆಟ್ ಡಿಸೈನ್ ನನಗೆ ಇಷ್ಟ, ಅದಕ್ಕೆ ಗ್ರಾಫಿಕ್ಸ್ ತೊಗೋತೀನಿ. ಸರಿ ತಾನೇ? ಫ್ರೆಂಡ್ ಒಬ್ಬ ಮಾಸ್ ಕಮ್ಯುನಿಕೇಷನ್ ಕೂಡ ಇದೇ ಅಂತಾನೆ.
— ಓದುಗ, ಕೋಲಾರ ತಾಲ್ಲೂಕು

ಉತ್ತರ: ತಡಿ ತಮ್ಮಾ, ಅರ್ಜಿ ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಈ ತಪ್ಪು ಮಾಡಿ ಒಂದು ವರ್ಷ ಕಳೆದುಕೊಂಡವರನ್ನು ನಾನೇ ಕಂಡಿದ್ದೇನೆ.

ಚಿತ್ರಕಲಾ ಕಾಲೇಜುಗಳಲ್ಲಿ ಗ್ರಾಫಿಕ್ಸ್ ಅಂದರೆ ಅಚ್ಚುಕಲೆ. ಮರ ಕೊರೆದು, ತಾಮ್ರ ಅಥವಾ ಸತುವಿನ ತಗಡನ್ನು ಆಸಿಡ್‌ನಲ್ಲಿ ಕೊರೆಸಿ, ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಅಚ್ಚು ತೆಗೆಯುವುದು. ಬಹಳ ಚೆಂದದ ವಿದ್ಯೆ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ತಂದ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ, ಅಚ್ಚಾಗಿದ್ದು ಇದೇ ಕಲ್ಲಚ್ಚಿನಲ್ಲಿ. ಆದರೆ ನಿನಗೆ ಬೇಕಾದದ್ದು ಅದಲ್ಲ. ಲೋಗೋ, ಪೋಸ್ಟರ್, ಪ್ಯಾಕೆಟ್, ಜಾಹೀರಾತು ಇರುವುದು ಅಪ್ಲೈಡ್ ಆರ್ಟ್‌ನಲ್ಲಿ. ಕನ್ನಡದಲ್ಲಿ ಅನ್ವಯಿಕ ಕಲೆ ಅಂತಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಲಾ ಕಾಲೇಜು ಕಾವಾ, ಎರಡರಲ್ಲೂ ಇದಿದೆ. ಬಿ.ಡೆಸ್., ಅಂದರೆ ಡಿಸೈನ್ ಪದವಿ ಕೊಡುವ ಕಾಲೇಜುಗಳಲ್ಲಿ ಅದನ್ನೇ ಕಮ್ಯುನಿಕೇಷನ್ ಡಿಸೈನ್, ವಿಷುವಲ್ ಕಮ್ಯುನಿಕೇಷನ್, ಗ್ರಾಫಿಕ್ ಡಿಸೈನ್ ಅಂತ ಬೇರೆ ಬೇರೆ ಹೆಸರಿನಲ್ಲಿ ಕರೆಯುತ್ತಾರೆ. ಹೆಸರು ನೋಡಿ ಮೋಸ ಹೋಗಬೇಡ. ಪಠ್ಯಕ್ರಮ ಕೇಳಿ ಇಸ್ಕೊ, ಟೈಪೋಗ್ರಫಿ (ಅಕ್ಷರ ವಿನ್ಯಾಸ) ಅನ್ನುವ ವಿಷಯ ಎಷ್ಟು ಸೆಮಿಸ್ಟರ್ ಇದೆ ಅಂತ ನೋಡು. ಒಂದೇ ಸೆಮಿಸ್ಟರ್ ಇದ್ದರೆ ಅನುಮಾನ ಪಡು.

ಮಾಸ್ ಕಮ್ಯುನಿಕೇಷನ್ ಬೇರೆಯೇ. ಅಲ್ಲಿ ವರದಿ, ಬರವಣಿಗೆ, ರೇಡಿಯೋ, ಟಿವಿ, ಸಾರ್ವಜನಿಕ ಸಂಪರ್ಕ ಮುಖ್ಯ. ಪುಟ ವಿನ್ಯಾಸ ಸ್ವಲ್ಪ ಬರುತ್ತದೆ, ಅಷ್ಟೇ. ನಿನಗೆ ಬರೆಯುವುದರಲ್ಲಿ ಆಸೆ ಜಾಸ್ತಿ ಇದ್ದರೆ ಆ ದಾರಿ.

ಇನ್ನೊಂದು ಮಾತು. ನೀನು ಕೋಲಾರದವನು. ಬೆಳಗಿನ ಜಾವ ಎಪಿಎಂಸಿಗೆ ಹೋಗಿ ಟೊಮೆಟೊ ಮಾರುಕಟ್ಟೆ ನೋಡಿದ್ದೀಯಲ್ಲ? ಸಾವಿರಾರು ಕ್ರೇಟ್, ಒಂದೇ ಅಳತೆ, ಒಂದರ ಮೇಲೊಂದು. ಯಾವ ಮಂಡಿಯದು ಯಾವುದು ಅಂತ ಹಮಾಲರು ಓಡುವ ಓಟದಲ್ಲೇ ಗುರುತು ಹಿಡಿಯುತ್ತಾರೆ. ಕ್ರೇಟಿನ ಬಣ್ಣ, ಅದರ ಮೇಲಿನ ಎರಡು ಅಕ್ಷರ, ಅಷ್ಟರಲ್ಲೇ. ಒಂದು ವಾರ ಅಲ್ಲಿ ಕೂತು ಅದನ್ನು ಬರೆದುಕೋ, ಫೋಟೋ ತೆಗಿ. ಸಂದರ್ಶನದಲ್ಲಿ ನಿನ್ನ ಕೆಲಸ ಜೋಡಿಸಿಟ್ಟ ಪೋರ್ಟ್‌ಫೋಲಿಯೋ ತೆರೆದಾಗ, ನೆಟ್ಟಿನಲ್ಲಿ ನೋಡಿ ಬಿಡಿಸಿದ ಸಿಂಹದ ಮುಖ ಹತ್ತು ಇರುವುದಕ್ಕಿಂತ ಈ ಕ್ರೇಟುಗಳ ಒಂದು ಪುಟ ಜಾಸ್ತಿ ಮಾತಾಡುತ್ತದೆ.

ಪ್ರಶ್ನೆ: ನಮಸ್ಕಾರ. ನಾನು ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಮಾಡುವವನು. ಮಗಳು ಎಂಜಿನಿಯರಿಂಗ್ ಬೇಡ, ಡಿಸೈನ್ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಬೆಂಗಳೂರಿನ ಕಾಲೇಜೊಂದರಲ್ಲಿ ವಿಚಾರಿಸಿದರೆ ವರ್ಷಕ್ಕೆ ಲಕ್ಷಗಟ್ಟಲೆ ಹೇಳುತ್ತಾರೆ. ಓದಿದ ಮೇಲೆ ಕೆಲಸ ಸಿಗುತ್ತದಾ? ನಮ್ಮ ಮನೆಯಲ್ಲಿ ತೆಲುಗು, ಅವಳು ಓದಿದ್ದು ಕನ್ನಡ ಮಾಧ್ಯಮ. ಇಂಗ್ಲಿಷ್ ಅಷ್ಟಕ್ಕಷ್ಟೆ.
— ಒಬ್ಬ ತಂದೆ, ಚಿಂತಾಮಣಿ

ಉತ್ತರ: ನಮಸ್ಕಾರ ಅಣ್ಣಾ. ಮಗಳ ಹಟವನ್ನು ಬೈದು ಸುಮ್ಮನಾಗಿಸದೆ ಪತ್ರ ಬರೆದು ಕೇಳಿದ್ದೀರಲ್ಲ, ತುಂಬಾ ಸಂತೋಷ.

ಕೆಲಸ ಇದೆ. ಪುಸ್ತಕ, ಪತ್ರಿಕೆಯ ಪುಟ, ಪ್ಯಾಕೆಟ್, ಜಾಹೀರಾತು, ಅಂಗಡಿ ಬೋರ್ಡು, ಮೊಬೈಲ್ ಆ್ಯಪಿನ ಪರದೆ, ಸಿನಿಮಾ ಟೈಟಲ್, ಎಲ್ಲಕ್ಕೂ ಡಿಸೈನರ್ ಬೇಕು. ಆದರೆ ಶುರುವಿನ ಸಂಬಳ ಎಂಜಿನಿಯರ್ ಹುಡುಗರಷ್ಟು ಇರುತ್ತದೆ ಅಂತ ನಾನು ಆಸೆ ತೋರಿಸುವುದಿಲ್ಲ. ಮೊದಲ ಎರಡು ಮೂರು ವರ್ಷ ಕೈ ಬಿಗಿ ಇರುತ್ತದೆ. ಕೆಲಸ ಚೆನ್ನಾಗಿ ಮಾಡುವವರಿಗೆ ಆಮೇಲೆ ಏರುತ್ತದೆ. ಈ ಕ್ಷೇತ್ರದಲ್ಲಿ ಅಂಕಪಟ್ಟಿಗಿಂತ ಮಾಡಿದ ಕೆಲಸವನ್ನು ಬಿಡಿಸಿ ನೋಡುತ್ತಾರೆ.

ಫೀಸಿನ ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಜಮೀನು ಅಡವಿಟ್ಟು ದುಬಾರಿ ಕಾಲೇಜಿಗೆ ಸೇರಿಸಬೇಡಿ. ಮೊದಲು ಸರ್ಕಾರಿ ಸಂಸ್ಥೆಗಳಿಗೆ ಪ್ರಯತ್ನ ಮಾಡಲಿ. ಐಐಟಿಗಳಲ್ಲಿ ಬಿ.ಡೆಸ್. ಇದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅದಕ್ಕೆ ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆ ಬರೆಯಬೇಕು. 3 ಗಂಟೆ, ಅದರಲ್ಲಿ ಕೊನೆಯ ಭಾಗ ಕೈಯಿಂದ ಚಿತ್ರ ಬರೆಯುವುದು. ಒಬ್ಬರು ಎರಡು ಸಲ ಮಾತ್ರ ಬರೆಯಬಹುದು, ಅದೂ ಹಿಂದುಮುಂದಿನ ವರ್ಷಗಳಲ್ಲಿ. ಹಾಗಾಗಿ ತಯಾರಿ ಇಲ್ಲದೆ ಸುಮ್ನೆ ಒಂದು ಸಲ ಬರೆದು ನೋಡೋಣ ಅನ್ನಬೇಡಿ. ಇನ್ನೊಂದು 1961ರಲ್ಲಿ ಅಹಮದಾಬಾದಿನಲ್ಲಿ ಶುರುವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎನ್‌ಐಡಿ. ಅದಕ್ಕೆ ಡ್ಯಾಟ್ ಅನ್ನುವ ಪರೀಕ್ಷೆ. ಎನ್‌ಐಡಿಯದೇ ಒಂದು ಕ್ಯಾಂಪಸ್ ಬೆಂಗಳೂರಿನಲ್ಲಿ ತುಮಕೂರು ರಸ್ತೆಯ ಪಕ್ಕದಲ್ಲೇ ಇದೆ, ಆದರೆ ಅಲ್ಲಿರುವುದು ಪದವಿ ಮುಗಿದ ಮೇಲಿನ ಎಂ.ಡೆಸ್. ಇವು ಸಿಗದಿದ್ದರೆ ಮೈಸೂರಿನ ಕಾವಾದಂಥ ಸರ್ಕಾರಿ ಕಾಲೇಜು ಕಡಿಮೆ ಖರ್ಚಿನಲ್ಲಿ ಆಗುತ್ತದೆ.

ಖಾಸಗಿ ಕಾಲೇಜಿಗೇ ಹೋಗುವುದಾದರೆ ಎರಡು ಪ್ರಶ್ನೆ ಕೇಳಿ. ಪದವಿ ಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತದೆ? ಹೋದ ವರ್ಷ ಮುಗಿಸಿದ ಮಕ್ಕಳ ಕೆಲಸ ತೋರಿಸುತ್ತೀರಾ? "100ಕ್ಕೆ 100 ಪ್ಲೇಸ್‌ಮೆಂಟ್" ಅಂತ ಬಣ್ಣದ ಕರಪತ್ರ ಕೊಟ್ಟು ಈ ಎರಡಕ್ಕೆ ಉತ್ತರ ಕೊಡದಿದ್ದರೆ ಎದ್ದು ಬನ್ನಿ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅಂದಿರಿ. ನೀವು ಅದನ್ನು ಕೊರತೆ ಅಂತ ಬರೆದಿದ್ದೀರಿ, ನನಗೆ ಅದು ಆಸ್ತಿಯಾಗಿ ಕಾಣುತ್ತದೆ. ಕನ್ನಡ, ತೆಲುಗು ಅಕ್ಷರಗಳು ಅಕ್ಕ ತಂಗಿ ಇದ್ದ ಹಾಗೆ. ತಲೆಕಟ್ಟು ನೋಡಿ, ತೆಲುಗಿನಲ್ಲಿ ಅದು ಮೇಷ್ಟ್ರು ಹಾಕುವ ರೈಟ್ ಗುರುತಿನ ಹಾಗೆ ಮೇಲಕ್ಕೆ ಚಿಮ್ಮುತ್ತದೆ, ಕನ್ನಡದಲ್ಲಿ ಅಡ್ಡಕ್ಕೆ ಮಲಗಿ ತುದಿಯಲ್ಲಿ ಸುರುಳಿ ತಿರುಗುತ್ತದೆ. ಎರಡನ್ನೂ ಓದಬಲ್ಲ ಹುಡುಗಿ ಎರಡೂ ರಾಜ್ಯದ ಅಂಗಡಿ ಬೋರ್ಡು, ಪ್ಯಾಕೆಟ್ ಮಾಡಬಲ್ಲಳು. ನಮ್ಮ ರಾಜ್ಯದಲ್ಲಿ 2024ರ ತಿದ್ದುಪಡಿ ಆದಮೇಲೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು. ಬೋರ್ಡುಗಳಲ್ಲಿ ಕನ್ನಡ ಬಂದಿದೆ. ಆದರೆ ಎಷ್ಟೋ ಕಡೆ ಇಂಗ್ಲಿಷ್ ಅಕ್ಷರವನ್ನು ಪ್ರೀತಿಯಿಂದ ಮಾಡಿ, ಪಕ್ಕದಲ್ಲಿ ಯಾವುದೋ ಕನ್ನಡ ಫಾಂಟ್ ತಂದು ತುರುಕಿರುತ್ತಾರೆ. ಅದನ್ನು ಸರಿಯಾಗಿ ಮಾಡುವವರು ಕಡಿಮೆ.

2010ರಲ್ಲಿ ಬಂದ ರೂಪಾಯಿ ಚಿಹ್ನೆ ನಿಮ್ಮ ಜೇಬಿನ ನೋಟಿನ ಮೇಲೇ ಇದೆಯಲ್ಲ. ಅದನ್ನು ಮಾಡಿದ ಡಿ. ಉದಯ ಕುಮಾರ್ ಐಐಟಿ ಬಾಂಬೆಯಲ್ಲಿ ಡಿಸೈನ್ ಓದಿದವರು, ತಮಿಳು ಅಕ್ಷರಗಳ ಮೇಲೆ ಕೆಲಸ ಮಾಡಿದವರು. ತಾಯ್ನುಡಿಯ ಅಕ್ಷರ ಚೆನ್ನಾಗಿ ಗೊತ್ತಿರುವುದು ಎಲ್ಲಿಗೆ ಕರೆದುಕೊಂಡು ಹೋಗಬಹುದು ಅನ್ನುವುದಕ್ಕೆ ಹೇಳಿದೆ. ಇಂಗ್ಲಿಷ್ ಮಾತ್ರ ಕಲಿಯಲೇಬೇಕು, ಯುಸೀಡ್ ಪ್ರಶ್ನೆಪತ್ರಿಕೆ ಇಂಗ್ಲಿಷಿನದೇ. ಈಗಿನಿಂದ ದಿನಕ್ಕೆ ಒಂದು ಗಂಟೆ ಓದಿದರೆ ಆಗದ ಮಾತೇನಲ್ಲ.

ಪ್ರಶ್ನೆ: ಅಕ್ಕಾ, ತುಮಕೂರಿನಲ್ಲಿ ಎರಡನೇ ವರ್ಷ ಡಿಸೈನ್ ಓದುತ್ತಿದ್ದೇನೆ. ಮೊಬೈಲಿನಲ್ಲಿ ಸರಿಯಾಗಿರುವ ಕನ್ನಡವನ್ನು ಪುಟ ವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ಗೆ ಹಾಕಿದರೆ ಒತ್ತಕ್ಷರ ಎಲ್ಲ ಒಡೆದುಹೋಗುತ್ತದೆ. ಕ್ಲಾಸಿನಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಪೋಸ್ಟರ್ ಮಾಡುವುದಕ್ಕೆ ಇದೇ ಕಾರಣ. ಏನಾದರೂ ಪರಿಹಾರ?
— ವಿದ್ಯಾರ್ಥಿ, ತುಮಕೂರು

ಉತ್ತರ: ಇದೆ, ಎರಡೇ ನಿಮಿಷದ ಕೆಲಸ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನು ತೆರೆ. ಅಲ್ಲಿ ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಅಂತ ಇದೆ, ಅದನ್ನು ಆರಿಸು. ನೊಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡದಂಥ ಯೂನಿಕೋಡ್ ಫಾಂಟ್ ಹಾಕು. ಮೂರೂ ಉಚಿತ. ಒತ್ತು ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಆಮೇಲೆ ಸಾಲುಗಳ ನಡುವಿನ ಜಾಗ. ಸಾಫ್ಟ್‌ವೇರ್ ತಾನಾಗೇ ಕೊಡುವ ಅಂತರ ಇಂಗ್ಲಿಷಿಗೆ ಸರಿಹೋಗುವಂಥದ್ದು, 12 ಪಾಯಿಂಟ್ ಅಕ್ಷರಕ್ಕೆ 14.4. ಕನ್ನಡದಲ್ಲಿ "ಸ್ವಾತಂತ್ರ್ಯ" ಅಂತ ಬರೆದರೆ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೇ ಬಡಿಯುತ್ತವೆ. ನಾನು 18ರ ಹತ್ತಿರ ಇಡುತ್ತೇನೆ.

ಪ್ರೆಸ್‌ಗೆ ಕಳಿಸುವಾಗ ಇನ್ನೂ ಎಚ್ಚರ ಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಗೃಹಪ್ರವೇಶದ ಕಾರ್ಡ್ ಮಾಡಿದ್ದೆ. ನನ್ನ ಕಂಪ್ಯೂಟರಿನಲ್ಲಿ ಎಲ್ಲ ಸರಿ ಇತ್ತು. ಅಚ್ಚು ಹಾಕುವ ಕಡೆಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಮನೆ ಯಜಮಾನರ ಹೆಸರು ಕೃಷ್ಣಪ್ಪ. ಅದು "ಕೃಷ್‌ಣಪ್‌ಪ" ಅಂತ 500 ಕಾರ್ಡಿನಲ್ಲಿ ಅಚ್ಚಾಗಿ ಬಂತು. ಆ ಹಿರಿಯರು ಕೂಗಾಡಲಿಲ್ಲ. ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿನಿಂದ ತಮ್ಮ ಹೆಸರನ್ನು ಎರಡು ಸಲ ಸವರಿ, "ಇದು ನಾನಲ್ಲವಲ್ಲ ಮಗಳೇ" ಅಂದರು. ಮತ್ತೆ ಅಚ್ಚು ಹಾಕಿಸಿದ ಖರ್ಚು ನನ್ನ ಸಂಬಳದಲ್ಲಿ ಹೋಯಿತು, ಅದು ಮರೆತಿದೆ. ಆ ಬೆರಳು ಇನ್ನೂ ಕಣ್ಣ ಮುಂದಿದೆ.

ಅದಕ್ಕೇ ಕೋರಲ್ ಫೈಲ್ ಕೊಡುವ ಮೊದಲು ಅಕ್ಷರಗಳನ್ನೆಲ್ಲ ಆಯ್ಕೆ ಮಾಡಿ ಕಂಟ್ರೋಲ್ ಕ್ಯೂ ಒತ್ತು, ಕರ್ವ್ ಆಗುತ್ತವೆ, ಅಂದರೆ ಫಾಂಟ್ ಬೇಡದ ಬರೀ ಆಕಾರಗಳಾಗುತ್ತವೆ, ಆಮೇಲೆ ಯಾವ ಕಂಪ್ಯೂಟರಿನಲ್ಲೂ ಒಡೆಯುವುದಿಲ್ಲ. ತಿದ್ದುವುದಕ್ಕೆ ಕರ್ವ್ ಮಾಡದ ಇನ್ನೊಂದು ಪ್ರತಿ ಇಟ್ಟುಕೋ. ಬಣ್ಣ ಸಿಎಂವೈಕೆಯಲ್ಲಿರಲಿ (ಅಚ್ಚಿನ ನಾಲ್ಕು ಶಾಯಿಯ ಲೆಕ್ಕ), ಕಟಿಂಗ್‌ಗೆ ಸುತ್ತಲೂ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು ಬಿಡು. ಪ್ರೂಫ್ ತೆಗೆದ ಮೇಲೆ ಹೆಸರುಗಳನ್ನು ಒಂದೊಂದಾಗಿ ಜೋರಾಗಿ ಓದು. ಮುಂದಿನ ಪೋಸ್ಟರ್ ಕನ್ನಡದಲ್ಲಿ ಮಾಡಿ ನನಗೊಂದು ಪ್ರತಿ ಕಳಿಸು.

ಪ್ರಶ್ನೆ: ಎಐ ಈಗ ಒಂದು ಸಾಲು ಬರೆದರೆ ಪೋಸ್ಟರ್ ಮಾಡಿಕೊಡುತ್ತದೆ. ಇನ್ನು ಡಿಸೈನ್ ಓದಿ ಏನು ಪ್ರಯೋಜನ?
— ಓದುಗ, ಗೌರಿಬಿದನೂರು

ಉತ್ತರ: ಚಿತ್ರ ಮಾಡಿಕೊಡುತ್ತದೆ, ನಿಜ. ನಾನೂ ಬಳಸುತ್ತೇನೆ. ನಾಲ್ಕು ಥರದ ಬಣ್ಣ ಬೇಗ ನೋಡುವುದಕ್ಕೆ ಒಳ್ಳೆಯದು. ಆದರೆ ಅದು ಬರೆದ ಕನ್ನಡವನ್ನು ನೋಡದೆ ಅಚ್ಚಿಗೆ ಕಳಿಸುವ ಹಾಗಿಲ್ಲ. ಒತ್ತು ಒಂದು ಕಡೆ, ದೀರ್ಘ ಒಂದು ಕಡೆ ಹೋಗಿರುತ್ತದೆ. ಮೇಲೆ ಹೇಳಿದ ಆಸ್ಪತ್ರೆಯ ಬೆಂಚಿನ ಮೇಲೆ ಎರಡು ದಿನ ಕೂರುವ ಕೆಲಸವನ್ನು ಅದು ಮಾಡುವುದಿಲ್ಲ. ಇಪ್ಪತ್ತು ನಿಮಿಷದ ಬ್ಯಾನರ್ ಕೆಲಸ ಮಾತ್ರ ಕಲಿತವರಿಗೆ ಕಷ್ಟ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಗುಬ್ಬಿಯ ತಂಗಿಗೆ ಓದು ಅಂದಿದ್ದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಮೇಡಂ, ನನಗೆ ಮನುಷ್ಯರ ಚಿತ್ರ ಬರೆಯಲು ಬರುವುದಿಲ್ಲ. ಡಿಸೈನ್ ಸೇರಬಹುದಾ? ಲ್ಯಾಪ್‌ಟಾಪ್ ಯಾವುದು ತೆಗೆದುಕೊಳ್ಳಲಿ?
— ಪಿಯು ವಿದ್ಯಾರ್ಥಿನಿ, ಮಾಲೂರು

ಉತ್ತರ: ಸೇರಬಹುದು. ಮುಖ ಥೇಟ್ ಹಾಗೇ ಬರಬೇಕಿಲ್ಲ, ಮನಸ್ಸಿನಲ್ಲಿರುವುದು ಎದುರಿನವರಿಗೆ ಅರ್ಥ ಆಗುವ ಹಾಗೆ ಗೆರೆ ಎಳೆಯಲು ಬಂದರೆ ಸಾಕು. ದಿನಾ ಅರ್ಧ ಗಂಟೆ ಎದುರಿಗಿರುವುದನ್ನು ಬರಿ, ಲೋಟ, ಚಪ್ಪಲಿ, ಮಾಲೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವ ಜನ. ರಬ್ಬರ್ ಬಳಸಬೇಡ. ಲ್ಯಾಪ್‌ಟಾಪ್ ಈಗಲೇ ಬೇಡ. ಮೊದಲ ವರ್ಷಕ್ಕೆ ದಪ್ಪ ಸ್ಕೆಚ್‌ಬುಕ್, 2ಬಿ, 6ಬಿ ಪೆನ್ಸಿಲ್, ಸ್ಟೀಲ್ ಸ್ಕೇಲ್, ಕಟ್ಟರ್, ಪೋಸ್ಟರ್ ಕಲರ್ ಸಾಕು. ಎರಡನೇ ವರ್ಷ ಸೀನಿಯರ್‌ಗಳನ್ನು ಕೇಳಿ, ಅವರು ಯಾವುದರಲ್ಲಿ ಕೆಲಸ ಮಾಡುತ್ತಾರೆ ನೋಡಿ ತೊಗೋ.